ಓಣಿಯ ಆ ತುದಿ



ನೀವು ವಾಸವಿರುವ ಓಣಿಗೆ ಎರಡು ತುದಿಗಳಿರುತ್ತವೆ. ಒಂದು ನಿಮಗೆ ಚೆನ್ನಾಗಿ ಗೊತ್ತು. ಅದು ಬಜಾರಿಗೋ, ಬಸ್ ನಿಲ್ದಾಣಕ್ಕೋ, ಆಸ್ಪತ್ರೆಗೋ ಹೋಗುವ ಕಡೆ. ಇನ್ನೊಂದು ತುದಿ ಎಲ್ಲಿಗೆ ಹೋಗಿ ಮುಗಿಯುತ್ತದೆ? ಎಂದಾದರೂ ನೋಡಿದ್ದೀರಾ?

ಬೆಟಗೇರಿಯಲ್ಲಿರುವ ನನ್ನ ಖಾಲಾ ನೋಡಿರಲಿಲ್ಲ. ಮದುವೆಯಾಗಿ ಆ ಮನೆಗೆ ಬಂದು ಮೂವತ್ತೊಂದು ವರ್ಷ. ಐದು ಮಕ್ಕಳನ್ನು ಹೆತ್ತು ಸಾಕಿ, ಮೂವರ ಮದುವೆ ಮಾಡಿ, ಅತ್ತೆ ಮಾವನ ಕೊನೆಗಾಲದ ಸೇವೆ ಮಾಡಿದವರು. ಓಣಿಯ ಬಲಗಡೆಗೆ ಹೋಗಿದ್ದಕ್ಕೆ ಲೆಕ್ಕವಿಲ್ಲ. ಎಡಗಡೆಗೆ ನಾಲ್ಕನೆಯ ಮನೆಯಿಂದಾಚೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. "ಆ ಕಡೆ ನಮಗೇನು ಕೆಲಸ?" ಎನ್ನುತ್ತಿದ್ದರು. ನಮ್ಮ ಮನೆಮಾತು ದಖನಿ, ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಖಾಲಾಗೆ ಶುಗರ್ ಇದೆಯೆಂದು ತಿಳಿಯಿತು. ಬರಿಹೊಟ್ಟೆಯಲ್ಲಿ 212. ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ಅರ್ಧ ಗಂಟೆ ನಡೆಯಲೇಬೇಕು ಎಂದರು. ಖಾಲಾ ತಪ್ಪದೆ ಪಾಲಿಸಿದರು, ಮನೆಯ ಅಂಗಳದಲ್ಲಿ. ಅಂಗಳ ಹನ್ನೊಂದು ಹೆಜ್ಜೆ. ಹೋಗಿ ಬಂದರೆ ಇಪ್ಪತ್ತೆರಡು. ಕೈಯಲ್ಲಿ ತಸ್ಬೀಹ್ ಹಿಡಿದು, ಒಂದು ಸುತ್ತಿಗೆ ಒಂದು ಮಣಿಯಂತೆ ನೂರು ಸುತ್ತು. ಹದಿನೈದೇ ದಿನಕ್ಕೆ ಸಾಕಾಯಿತು. "ಗಾಣದ ಎತ್ತಿಗಾದರೂ ಕಣ್ಣು ಕಟ್ಟಿರುತ್ತಾರೆ ಬೇಟಿ, ನನಗೆ ಕಣ್ಣು ಬಿಟ್ಟುಕೊಂಡೇ ತಿರುಗಬೇಕು. ತಲೆ ಸುತ್ತುತ್ತದೆ" ಎಂದು ಫೋನಿನಲ್ಲಿ ಹೇಳಿದರು.

ಹೊರಗೆ ಯಾಕೆ ಹೋಗುವುದಿಲ್ಲ, ಯಾರಾದರೂ ಬೇಡ ಅಂದರೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ಬೇಡ ಅಂದಿಲ್ಲ. ಹೋಗು ಅಂತಲೂ ಯಾರೂ ಅಂದಿಲ್ಲ" ಎಂದರು.

ಸಹೋದರಿಯರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳಬೇಕು. ಖಾಲಾನ ಅಕ್ಕ, ಅಂದರೆ ನನ್ನ ಅಮ್ಮಿ, ಮುಂಡರಗಿಯಲ್ಲಿದ್ದರು. ಅವರಿಗೂ ಇದೇ ಕಾಯಿಲೆ. ಹತ್ತು ವರ್ಷ ಗುಳಿಗೆಯಲ್ಲೇ ಕಳೆಯಿತು. ಒಂದು ಸಲ ಹೊಸ ಚಪ್ಪಲಿ ಕಚ್ಚಿ ಕಾಲಿನಲ್ಲಿ ಗುಳ್ಳೆಯಾಯಿತು. ಜೋಮು ಹಿಡಿದ ಕಾಲಿಗೆ ನೋವೇ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಹೆಬ್ಬೆರಳು ತೆಗೆಯಬೇಕಾಯಿತು, ನಂತರ ಪಾದವನ್ನೇ. 2014ರಲ್ಲಿ ಅಮ್ಮಿ ಅಲ್ಲಾಹನ ಕರೆಗೆ ಓಗೊಟ್ಟರು. ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವಾಗ ಪಡುವಣಕ್ಕೆ ಕಪ್ಪತಗುಡ್ಡ ಕಾಣುತ್ತಿತ್ತು. "ಒಮ್ಮೆ ಅಲ್ಲಿಗೆ ಹೋಗಬೇಕು" ಎನ್ನುತ್ತಿದ್ದರು. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ ಅದು. 2019ರಲ್ಲಿ ಸರಕಾರ ಅದನ್ನು ವನ್ಯಜೀವಿ ಧಾಮವೆಂದು ಘೋಷಿಸಿದಾಗ ಪತ್ರಿಕೆಯಲ್ಲಿ ಚಿತ್ರ ನೋಡಿ ನಾನು ಅತ್ತೆ. ಮನೆಯಿಂದ ಕಣ್ಣಿಗೆ ಕಾಣುವ ಗುಡ್ಡಕ್ಕೆ ಅಮ್ಮಿಯನ್ನು ಕರೆದುಕೊಂಡು ಹೋಗಲು ನನಗೆ ಆಗಿರಲಿಲ್ಲ. ಆ ವರ್ಷಗಳಲ್ಲಿ ನಾನು ಮದ್ರಸಾದಲ್ಲಿ ಹುಡುಗಿಯರಿಗೆ ಸೂರಃ ಲುಕ್ಮಾನ್ ಕಲಿಸುತ್ತಿದ್ದೆ. ಲುಕ್ಮಾನರು ಮಗನಿಗೆ ನಡಿಗೆಯ ಬಗ್ಗೆ ಮಾಡಿದ ಉಪದೇಶ ಅದರಲ್ಲಿದೆ: ಅಹಂಕಾರದಿಂದ ನಡೆಯಬೇಡ, ನಡಿಗೆ ಹದವಾಗಿರಲಿ ಎಂದು ಅದರ ತಾತ್ಪರ್ಯ. ನನ್ನ ಮಕ್ಕಳ ತಜ್ವೀದ್‌ನಲ್ಲಿ ಒಂದು ತಪ್ಪಿರುತ್ತಿರಲಿಲ್ಲ. ಆದರೆ ಆಯತ್ ನಡೆಯುವುದರ ಬಗ್ಗೆ ಇದೆ, ನಡೆಯುವುದಕ್ಕೆ ಮೊದಲು ಹೊಸ್ತಿಲು ದಾಟಬೇಕು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಮುಂದಿನ ಗುರುವಾರ ಸಂಜೆಯೇ ಬೆಟಗೇರಿಗೆ ಹೋದೆ. ಶುಕ್ರವಾರ ಫಜ್ರ್ ನಮಾಝ್ ಮುಗಿಸಿ, ಖಾಲಾನ ಕೈ ಹಿಡಿದು ಬಾಗಿಲು ದಾಟಿ ಎಡಕ್ಕೆ ತಿರುಗಿದೆ. ಮಗ್ಗದ ಮನೆಯೊಂದರಲ್ಲಿ ಆಗಲೇ ಕೆಲಸ ಶುರುವಾಗಿತ್ತು. ಗದಗಿನಲ್ಲಿ ಮುದ್ರಣ, ಬೆಟಗೇರಿಯಲ್ಲಿ ನೇಕಾರಿಕೆ ಎಂಬುದು ನಮ್ಮ ಅವಳಿ ಊರಿನ ಹಳೆಯ ಗುರುತು. ಮಗ್ಗಗಳ ಸಂಖ್ಯೆ ಈಗ ಇಳಿದಿದೆ, ಆದರೂ ಆ ಸದ್ದು ನಿಂತಿಲ್ಲ. ಬಾಗಿಲಿಗೆ ನೀರು ಹಾಕುತ್ತಿದ್ದ ನೇಕಾರರ ಮನೆಯ ಹಿರಿಯ ಹೆಂಗಸು ತಲೆಯೆತ್ತಿ, "ಏನ್ ಬೂಬವ್ವ, ಇಷ್ಟ್ ಮುಂಜೇಲೆ ಎಲ್ಲಿಗೆ ಹೊಂಟೀರಿ?" ಎಂದು ಕೇಳಿದರು. ಖಾಲಾ ಗಲಿಬಿಲಿಯಾದರು. ದವಾಖಾನೆಗೆ ಎನ್ನಬೇಕೆಂದು ಬಾಯಿಗೆ ಬಂದಿತ್ತೇನೋ. ಕೊನೆಗೆ, "ಎಲ್ಲಿಗೂ ಇಲ್ಲವ್ವ. ಸುಮ್ನ ಅಡ್ಡಾಡಾಕ" ಎಂದರು.

ಅಡ್ಡಾಡುವುದು! ನಮ್ಮ ಕಡೆಯ ಈ ಮಾತನ್ನು ಗಮನಿಸಿದ್ದೀರಾ? ಗಂಡಸರು ಊಟವಾದ ಮೇಲೆ 'ಅಡ್ಡಾಡಿ ಬರ್ತೀನಿ' ಎಂದರೆ ಅದು ಒಳ್ಳೆಯ ಅಭ್ಯಾಸ. ಹೆಂಗಸಿನ ಬಗ್ಗೆ 'ಅಡ್ಡಾಡತಾಳ' ಎಂದರೆ ಅದು ದೂರು. ಮೊದಲ ಸಲ ಒಬ್ಬ ಹೆಂಗಸು ತನ್ನ ಬಗ್ಗೆ ತಾನೇ, ತಪ್ಪೊಪ್ಪಿಗೆಯಲ್ಲದ ದನಿಯಲ್ಲಿ ಆ ಮಾತು ಹೇಳಿದ್ದನ್ನು ನಾನು ಕೇಳಿದೆ. ಆ ತಾಯಿ ನಕ್ಕು, "ಛಲೋ ಆತು ಬಿಡ್ರಿ, ನಾಳಿಂದ ನನ್ನೂ ಕರೀರಿ" ಎಂದರು.

ಓಣಿ ಮುಗಿಯುವಲ್ಲಿ ಏನಿತ್ತು ಗೊತ್ತೇ? ದೊಡ್ಡದೇನೂ ಇರಲಿಲ್ಲ. ಒಂದು ಬೋರಿಂಗು, ಒಂದು ಹುಣಸೆ ಗಿಡ, ಅದರಾಚೆ ಎರೆಹೊಲ. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ಎಲೆಗಳ ಮೇಲೆ ಇಬ್ಬನಿ. ದೂರದಲ್ಲಿ ರೈಲಿನ ಸಿಳ್ಳು. ಖಾಲಾ ಬುರ್ಖಾದ ಮುಖಪರದೆ ಎತ್ತಿ ಮೂಗಿನ ತುಂಬ ಗಾಳಿ ಎಳೆದುಕೊಂಡರು. "ಮೂವತ್ತೊಂದು ವರ್ಷ ಈ ಗಾಳಿ ನನ್ನ ಮನೆಯ ಹಿತ್ತಲಿಗೆ ಬರುತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ಇವತ್ತು ತಿಳಿಯಿತು" ಎಂದರು.

ಇಂಥ ಒಂದು ಮಾತನ್ನು ಕವಿಯಾದವರು ಹೇಳಿದ್ದರೆ ನಾವು ಪುಸ್ತಕದಲ್ಲಿ ಓದಿ ತಲೆದೂಗುತ್ತಿದ್ದೆವು. ನಿಜ ನೋಡಿದರೆ ನಮ್ಮ ಈ ನೆಲದ ಕವಿಗಳ ಬಂಡವಾಳವೂ ಇಷ್ಟೇ. ಗದಗ ತಾಲೂಕಿನ ಹೊಂಬಳದಲ್ಲಿ 1928ರ ಜೂನ್ 28ರಂದು ಹುಟ್ಟಿದ ಚೆನ್ನವೀರ ಕಣವಿಯವರನ್ನು ತೆಗೆದುಕೊಳ್ಳಿ. ಅವರ ಆರಂಭದ ಓದು ಮುಂಡರಗಿ ಕಡೆಯ ಶಿರುಂದದಲ್ಲಿ. ಮುಂದೆ ಧಾರವಾಡ ಸೇರಿ, ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದ ನಿರ್ದೇಶಕರಾಗಿ ದುಡಿದರು. 'ಜೀವಧ್ವನಿ'ಗೆ 1981ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2022ರ ಫೆಬ್ರವರಿ 16ರಂದು, ತೊಂಬತ್ತಮೂರರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಂಕಲನಗಳ ಹೆಸರುಗಳನ್ನೇ ಒಮ್ಮೆ ಓದಿಕೊಳ್ಳಿ: ಆಕಾಶಬುಟ್ಟಿ, ಮಣ್ಣಿನ ಮೆರವಣಿಗೆ, ಕಾರ್ತೀಕದ ಮೋಡ, ಜೀನಿಯಾ. ಎಲ್ಲವೂ ಅಂಗಳ ದಾಟಿದರೆ ಕಣ್ಣಿಗೆ ಬೀಳುವಂಥವು. ಬಿ.ಎ. ಓದುವಾಗ ನಾನು ಅವರ ಕವಿತೆಗಳನ್ನು ಪರೀಕ್ಷೆಗೆಂದು ಓದಿದೆ. ಮಳೆ ನಿಂತ ಮೇಲಿನ ಬೆಳಕು, ಹಸಿ ಮಣ್ಣು, ಹೂವು, ಹಕ್ಕಿ, ಇಷ್ಟನ್ನೇ ಒಬ್ಬ ಮನುಷ್ಯ ಎಪ್ಪತ್ತು ವರ್ಷ ಬರೆಯಬಹುದೇ ಎಂದು ಆಗ ಅನಿಸಿತ್ತು. ನಲವತ್ತು ದಾಟಿದ ಮೇಲೆ, ಇಷ್ಟನ್ನು ನೋಡಿ ಮುಗಿಸಲು ಎಪ್ಪತ್ತು ವರ್ಷ ಸಾಲದು ಅನಿಸುತ್ತಿದೆ. ಅವರ ಪತ್ನಿ ಶಾಂತಾದೇವಿ ಕಣವಿಯವರೂ ಹೆಸರಾದ ಕಥೆಗಾರ್ತಿ, 2020ರಲ್ಲಿ ನಿಧನರಾದರು. ಇಬ್ಬರೂ ಬರೆಯುವವರಾದರೆ ಅಡುಗೆ ಯಾರು ಮಾಡುತ್ತಿದ್ದರು ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನಕ್ಕು ಸುಮ್ಮನಾದೆ. ಪ್ರಶ್ನೆ ಮಾತ್ರ ಸರಿಯಾಗಿದೆ.

ಇನ್ನೊಬ್ಬರು ನಮ್ಮವರೇ. ಲಕ್ಷ್ಮೇಶ್ವರದಿಂದ ಬಹಳ ದೂರವಿಲ್ಲದ ಶಿಶುವಿನಹಾಳದ ಷರೀಫ ಸಾಹೇಬರು, 1819ರಿಂದ 1889ರವರೆಗೆ ಬದುಕಿದವರು. ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದು ನೌಕರಿ ಬಿಟ್ಟರು. ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಊರಿಂದೂರಿಗೆ ತಿರುಗುತ್ತ ಹಾಡು ಕಟ್ಟಿದರು. ಮೊಹರ್ರಮ್ಮಿನ ರಿವಾಯತ್ ಪದಗಳನ್ನೂ ಬರೆದರು. ಅಲಾವಿಯ ಆಚರಣೆಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆ, ಅದು ಇವತ್ತಿನ ವಿಷಯವಲ್ಲ. ನನ್ನನ್ನು ಬೆರಗುಗೊಳಿಸುವುದು ಅವರ ಕಣ್ಣು. ಸೋರುವ ಮಾಳಿಗೆ, ಹೊಸದಾಗಿ ಬಂದ ಗಿರಣಿ, ಗಂಡನ ಮನೆಗೆ ಹೊರಟು ಅಳುವ ತಂಗಿ, ಕೋಳಿ, ಕೋಡಗ. ದಾರಿಯಲ್ಲಿ ಎದುರಾದದ್ದನ್ನೆಲ್ಲ ಎತ್ತಿಕೊಂಡು ಅದರೊಳಗೆ ಆತ್ಮದ ಮಾತು ತುಂಬಿದರು. ಆ ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಡುತ್ತಿದ್ದವರು ನಮ್ಮ ಅಜ್ಜಿಯರು. ಹಾಡು ಕಟ್ಟಿದವರು ಷರೀಫರು. ಅಜ್ಜಿಯರಿಗೆ ಕಣ್ಣು ಇರಲಿಲ್ಲವೆಂದಲ್ಲ, ದಾರಿ ಇರಲಿಲ್ಲ.

ಇದನ್ನು ಓದುತ್ತಿರುವ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಕವಿಗಳ ಮಾತು ಬಿಡಿ, ದೀನ್ ಏನು ಹೇಳುತ್ತದೆ? ಪ್ರವಾದಿವರ್ಯರ(ಸ) ಜೀವನದಲ್ಲಿ ಪ್ರತಿವಾರದ ಒಂದು ಪಯಣವಿತ್ತು. ಶನಿವಾರಗಳಂದು ಅವರು ಕುಬಾ ಮಸೀದಿಗೆ ಕೆಲವೊಮ್ಮೆ ಸವಾರಿಯಲ್ಲಿ, ಕೆಲವೊಮ್ಮೆ ನಡೆದುಕೊಂಡೇ ಹೋಗಿ ನಮಾಝ್ ನಿರ್ವಹಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ಮಸ್ಜಿದುನ್ನಬವಿಯಿಂದ ಅದು 3 ಕಿ.ಮೀ.ಗೂ ಹೆಚ್ಚು ದೂರ. ಈದ್ ದಿನ ಒಂದು ದಾರಿಯಿಂದ ಹೋಗಿ ಇನ್ನೊಂದು ದಾರಿಯಿಂದ ಮರಳುತ್ತಿದ್ದರು. ವಿದ್ವಾಂಸರು ಇದಕ್ಕೆ ಅನೇಕ ಕಾರಣಗಳನ್ನು ಕೊಟ್ಟಿದ್ದಾರೆ. ಹೆಚ್ಚು ಜನರಿಗೆ ಸಲಾಮ್ ಹೇಳುವ ಅವಕಾಶ ಸಿಗುತ್ತದೆಂಬುದು ಅವುಗಳಲ್ಲಿ ಒಂದು. ಅದೇ ನನಗೆ ಬಹಳ ಹಿಡಿಸಿದ್ದು.

ಇನ್ನು ಅಬೂದಾವೂದ್‌ನಲ್ಲಿರುವ ಓಟದ ಪ್ರಸಂಗ. ಪ್ರಯಾಣವೊಂದರಲ್ಲಿ ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾರೊಂದಿಗೆ(ರ) ಓಟದ ಪಂದ್ಯ ಕಟ್ಟಿದರು. ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದು, ಅಂದಿನದಕ್ಕೆ ಇಂದು ಸರಿಹೋಯಿತು ಎಂಬರ್ಥದ ಮಾತಾಡಿದರು. ನಮ್ಮ ಮನೆಗಳಲ್ಲಿ ಆಯಿಶಾರ(ರ) ಜ್ಞಾನದ ಬಗ್ಗೆ ಪ್ರವಚನ ಎಷ್ಟು ಸಲ ಕೇಳಿದ್ದೇವೆ, ಅವರ ಓಟದ ಬಗ್ಗೆ ಎಷ್ಟು ಸಲ? ಸ್ತ್ರೀಯರು ತಮ್ಮ ಅಗತ್ಯಗಳಿಗಾಗಿ ಹೊರಹೋಗಲು ಅನುಮತಿಯಿದೆ ಎಂಬ ಹದೀಸ್ ಕೂಡ ಬುಖಾರಿಯಲ್ಲೇ ಇದೆ. ಶುಗರ್ ಇರುವವಳಿಗೆ ನಡಿಗೆ ಅಗತ್ಯವಲ್ಲವೇ? ತರಕಾರಿ ತರುವುದಷ್ಟೇ ಅಗತ್ಯವೇ? ಹಾಜಿರಾರ(ಅ) ನೆನಪಿನಲ್ಲಿ ಸಫಾ ಮರ್ವಾಗಳ ನಡುವೆ ಏಳು ಸಲ ನಡೆದರೆ ಸುಮಾರು 3 ಕಿ.ಮೀ. ಆಗುತ್ತದೆ. ಅಂಗಳದಾಚೆ ನಡೆದೇ ಅಭ್ಯಾಸವಿಲ್ಲದೆ ನೇರವಾಗಿ ಅಲ್ಲಿಗೆ ಹೋಗಿ, ಕಾಲು ಬಾತು ಕೂರುವ ನಮ್ಮ ಹಾಜಿಣಿಯರನ್ನು ನೆನೆಯಿರಿ.

ಹಾಗೆಂದು ಎಲ್ಲ ಸುಲಭ ಎಂದು ನಾನು ಹೇಳಲಾರೆ. ನಾಯಿಗಳಿವೆ. ಫುಟ್‌ಪಾತ್ ಎಂಬುದು ನಮ್ಮ ಊರುಗಳಲ್ಲಿ ಅಂಗಡಿಯ ಸಾಮಾನು ಇಡುವ ಜಾಗ. ದಿಟ್ಟಿಸಿ ನೋಡುವ ಗಂಡಸರಿದ್ದಾರೆ, ಅವರಿಗಿಂತ ಹೆಚ್ಚಾಗಿ ಕಿಟಕಿಯಿಂದ ನೋಡುವ ಹೆಂಗಸರಿದ್ದಾರೆ. ಇಬ್ಬರು ಮೂವರು ಜೊತೆಯಾಗಿ, ಬೆಳಕು ಹರಿದ ಮೇಲೆ ಹೋಗಿ. ಮನೆಯವರಿಗೆ ಹೇಳಿಯೇ ಹೋಗಿ, ಕದ್ದು ಹೋಗಬೇಕಾದ ಕೆಲಸವಲ್ಲ ಇದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ನಡೆಯುವಾಗ ತೊಡೆ ಮತ್ತು ಮೀನಖಂಡದ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ, ಆದ್ದರಿಂದ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಏರುವ ಶುಗರ್ ತಗ್ಗುತ್ತದೆ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕೈಚೀಲದಲ್ಲಿ ನಾಲ್ಕು ಕಲ್ಲುಸಕ್ಕರೆ ಇಟ್ಟುಕೊಳ್ಳಿ, ಬೆವರು ಬಂದು ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಿ. ಮತ್ತು, ಇದನ್ನು ನಾನು ಕೈಮುಗಿದು ಕೇಳುತ್ತೇನೆ, ಪ್ರತಿ ರಾತ್ರಿ ಇಶಾ ನಮಾಝಿನ ವುಝೂ ಮಾಡುವಾಗ ಕಾಲ್ಬೆರಳುಗಳ ಸಂದು, ಅಂಗಾಲು ನೋಡಿಕೊಳ್ಳಿ. ದಿನಕ್ಕೆ ಐದು ಸಲ ಕಾಲು ತೊಳೆಯುವವರು ನಾವು. ಅಮ್ಮಿಯೂ ತೊಳೆಯುತ್ತಿದ್ದರು. ತೊಳೆಯುವುದು ಬೇರೆ, ನೋಡುವುದು ಬೇರೆ.

ನೋಡುವುದನ್ನು ಕಲಿಸಲು ಈಗ ನಾನು ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ನಾನು ಕಲಿಸುವುದು ಶಿರಹಟ್ಟಿಯಲ್ಲಿ, ಹುಡುಗಿಯರು ಸುತ್ತಲಿನ ಹಳ್ಳಿಗಳಿಂದ, ಕೆಲವರು ಲಕ್ಷ್ಮೇಶ್ವರದಿಂದಲೂ ಬರುತ್ತಾರೆ. ಗುರುವಾರ ಮಧ್ಯಾಹ್ನ, ಜುಮಾ ರಜೆಗೆ ಮನೆಗೆ ಹೋಗುವ ಮುಂಚೆ, ಆ ವಾರ ನಡೆಯುವಾಗ ಕಂಡ ಒಂದು ಸಂಗತಿಯನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಡಬೇಕು. ಬರಹ ಚೆಂದವಿರಬೇಕೆಂದಿಲ್ಲ, ಕಂಡದ್ದಾಗಿರಬೇಕು. ಮೊದಲ ವಾರ ಎಲ್ಲರೂ ಸೂರ್ಯೋದಯ ಬರೆದರು, ಪಠ್ಯಪುಸ್ತಕದ ಸೂರ್ಯೋದಯ. ನಾಲ್ಕನೆಯ ವಾರಕ್ಕೆ ಬೇರೆ ಬರತೊಡಗಿತು. ಫಕೀರೇಶ್ವರ ಮಠದ ಹತ್ತಿರದಿಂದ ಬರುವ ಹುಡುಗಿ, ಹೂವಿನವಳು ಮಾರಾಟ ಆರಂಭಿಸುವ ಮುಂಚೆ ಮೊದಲ ಮೊಳವನ್ನು ತನ್ನ ಬುಟ್ಟಿಗೇ ಸುತ್ತುವುದನ್ನು ಬರೆದಳು. ಮಾಗಡಿಯ ಹುಡುಗಿ ಹೆಬ್ಬಾತುಗಳ ಬಗ್ಗೆ ಬರೆದಳು. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುವ ಪಟ್ಟೆತಲೆಯ ಹೆಬ್ಬಾತುಗಳಿಂದಾಗಿ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು ನಿಮಗೆ ತಿಳಿದಿರಬಹುದು. ಅವಳು ಬರೆದದ್ದು ಅದನ್ನಲ್ಲ. ಅವು ಹೊಲಕ್ಕೆ ಇಳಿದು ಮೇಯುತ್ತವೆಂದು ಅಪ್ಪ ಬೈಯುತ್ತಾರೆ, ಬರುವುದು ತಡವಾದರೆ ಅಪ್ಪನೇ ಕೆರೆ ಕಡೆ ಹೋಗಿ ನೋಡಿ ಬರುತ್ತಾರೆ ಎಂದು ಬರೆದಳು. ಮತ್ತೊಬ್ಬಳು, ಹಣೆಗೆ ವಿಭೂತಿ ಹಚ್ಚಿದ ಅಜ್ಜಿಯೊಬ್ಬರು ಕೋಲಿನಿಂದ ದಾರಿಯ ಕಲ್ಲು ಸರಿಸಿ ಹೋದದ್ದನ್ನು ಬರೆದು, ಕೆಳಗೆ, "ದಾರಿಯ ತೊಡಕು ತೆಗೆಯುವುದು ಈಮಾನಿನ ಭಾಗವೆಂದು ನಾವು ಬಾಯಿಪಾಠ ಮಾಡಿದ್ದೆವು. ಆ ಕಲ್ಲನ್ನು ನಾನು ಒಂದು ತಿಂಗಳಿಂದ ದಾಟುತ್ತಿದ್ದೆ" ಎಂದು ಸೇರಿಸಿದ್ದಳು.

ಒಬ್ಬ ಹುಡುಗಿ ಮಾತ್ರ ಮೂರು ವಾರ ಒಂದೇ ಸಾಲು ಕೊಟ್ಟಳು: "ಏನೂ ನೋಡಲಿಲ್ಲ, ತಮ್ಮನನ್ನು ಎತ್ತಿಕೊಂಡಿದ್ದೆ." ಹದಿಮೂರರ ಹುಡುಗಿ, ಸೊಂಟದ ಮೇಲೆ ಸದಾ ಒಂದು ಮಗು. ತಾಯಿ ಬೀಡಿ ಕಟ್ಟುತ್ತಾರೆ, ಅವರನ್ನು ದೂರುವ ಬಾಯಿ ನನಗಿಲ್ಲ. ನಾಲ್ಕನೆಯ ವಾರ ಅವಳನ್ನು ಹತ್ತಿರ ಕೂರಿಸಿಕೊಂಡು, ತಮ್ಮ ಏನು ನೋಡಿದ ಎಂದು ಕೇಳಿದೆ. ಅವಳು ಯೋಚಿಸಿದಳು. ಮುಂದಿನ ಗುರುವಾರ ಒಂದು ಪುಟ ತುಂಬ ಬಂತು. ತಂತಿಗೆ ಸಿಕ್ಕಿಕೊಂಡ ಗಾಳಿಪಟ, ಗೌಂಡಿಯ ತಲೆಯ ಮೇಲಿನ ಬುಟ್ಟಿಯಲ್ಲಿ ಮಲಗಿದ ಬೆಕ್ಕಿನ ಮರಿ, ಗಿರಣಿಯವನ ಹಿಟ್ಟು ಮೆತ್ತಿದ ಹುಬ್ಬು, ಎಲ್ಲವೂ ತಮ್ಮ ಬೆರಳು ಮಾಡಿ ತೋರಿಸಿದ್ದಂತೆ.

ಖಾಲಾ ನಡುವೆ ಒಮ್ಮೆ ಬಿಟ್ಟಿದ್ದರು. ಮಗನ ಮದುವೆ ಬಂತು, ಮನೆ ತುಂಬ ನೆಂಟರು, ಇಪ್ಪತ್ತು ದಿನ ಕಾಲು ಹೊರಗಿಡಲಿಲ್ಲ, ಮೇಲಿಂದ ಶೀರ್ ಖುರ್ಮಾ, ಜಿಲೇಬಿ. ಶುಗರ್ ಮತ್ತೆ ಏರಿತು. ಮತ್ತೆ ಶುರುವಾದದ್ದು ನನ್ನ ಮಾತಿನಿಂದಲ್ಲ, ಆ ನೇಕಾರರ ಮನೆಯ ತಾಯಿಯಿಂದ. ಬೆಳಗ್ಗೆ ಬಂದು ಬಾಗಿಲು ತಟ್ಟಿ, "ಬೂಬವ್ವ, ನೀವು ಬರಲಿಲ್ಲಂದ್ರ ನಮ್ಮ ಮನ್ಯಾಗ ನನ್ನೂ ಬಿಡಂಗಿಲ್ಲರಿ" ಎಂದರಂತೆ. ಈಗ ಅವರ ಗುಂಪು ಐದು ಜನ, ಅದರಲ್ಲಿ ಹೊಸ ಸೊಸೆಯೂ ಒಬ್ಬಳು. ಅವಳು ಮದುವೆಯಾಗಿ ಬಂದು ಎರಡು ತಿಂಗಳಿಗೇ ಓಣಿಯ ಆ ತುದಿ ನೋಡಿದಳು.

ಮೊನ್ನೆ ಖಾಲಾ ಫೋನ್ ಮಾಡಿದ್ದರು. ಶುಗರ್ ಎಷ್ಟಿದೆ ಎಂದು ಕೇಳಿದೆ. "138. ಇರಲಿ, ಕೇಳು" ಎಂದು ಬೇರೆಯೇ ಮಾತಿಗೆ ಹೋದರು. ಜೋಳ ಕೊಯ್ದಾಗಿದೆಯಂತೆ. ಬೆಳೆ ನಿಂತಿದ್ದಾಗ ಕಾಣದಿದ್ದ ಒಂದು ಕಾಲುದಾರಿ ಹೊಲದ ಬದುವಿನ ಮೇಲೆ ಈಗ ಕಾಣುತ್ತಿದೆಯಂತೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ.

"ಶುಕ್ರವಾರ ನಿನಗೆ ರಜೆಯಲ್ಲವೇ? ಬಾ, ನೋಡೋಣ" ಎಂದರು.